ಗಿನಿಪಿಗ್‌ನ ಕಣ್ಣೀರು ಏನು ಹೇಳುತ್ತದೆ?

ಗಿನಿಪಿಗ್ ಎಂದೊಡನೆ ನಮಗೆ ನೆನಪಾಗುವುದು ಪ್ರಯೋಗಶಾಲೆ. ಆದರೆ ಈ ಸಾಧುಪ್ರಾಣಿಯನ್ನು ಮನೆಗಳಲ್ಲಿ ಪ್ರೀತಿಯಿಂದ ಸಾಕುವುದೂ ಉಂಟು. ಹೆಸರಿನಲ್ಲಿ ‘ಪಿಗ್’ ಇದ್ದರೂ ಇದು ಹಂದಿಯಲ್ಲ. ಇಲಿ, ಅಳಿಲುಗಳಂತೆ ದಂಶಕಗಳ ಗುಂಪಿಗೆ ಸೇರಿದ್ದು. ಇದರ ವೈಜ್ಞಾನಿಕ ಹೆಸರು ಕೇವಿಯ ಪೋರ್ಸೆಲಸ್. ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ತಂಪು ಪ್ರದೇಶ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಇದನ್ನು ಸಾಕುವವರು ಅದರ ಕಣ್ಣುಗಳನ್ನು ದಿನವೂ ಗಮನಿಸಬೇಕು. ಏಕೆಂದರೆ ಲಕ್ಷಣ ಕಣ್ಣಿನಲ್ಲಿ ಕಂಡರೂ ಕಾರಣ ಹುಲ್ಲಿನಲ್ಲೋ, ಹಲ್ಲಿನಲ್ಲೋ, ಆಹಾರದ ತಟ್ಟೆಯಲ್ಲೋ ಇರಬಹುದು.

ಸಹಜ ಯಾವುದು?

ಗಿನಿಪಿಗ್ ಮರಿ ಕಣ್ಣು ತೆರೆದುಕೊಂಡೇ ಹುಟ್ಟುತ್ತದೆ. ದೊಡ್ಡದಾದ ಮೇಲೆ ಆಗಾಗ ಕಣ್ಣಿನ ಮೂಲೆಯಿಂದ ಹಾಲಿನಂತಹ ದ್ರವ ಸ್ರವಿಸಿ, ಅದನ್ನು ಮುಂಗಾಲುಗಳಿಂದ ಸವರಿ ಮುಖ ತೊಳೆದುಕೊಳ್ಳುತ್ತದೆ. ಇದು ರೋಗವಲ್ಲ. ಆದರೆ ಒಂದೇ ಸಮನೆ ನೀರು ಸುರಿಯುವುದು, ರೆಪ್ಪೆ ಅಂಟಿಕೊಳ್ಳುವುದು, ಪಿಸುರು ಗಟ್ಟಿಯಾಗುವುದು, ಕಣ್ಣು ಕೆಂಪಾಗುವುದು ಅಥವಾ ಮಂಜಾಗುವುದು ಸಹಜವಲ್ಲ.

ಹುಲ್ಲಿನಿಂದ ಗಾಯ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಾಣುವ ಮಾನ್ವಿಯಲ್ಲೂ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಾಣುವ ದೇವದುರ್ಗದಲ್ಲೂ ಭತ್ತದ ಹುಲ್ಲು ಸುಲಭವಾಗಿ ಸಿಗುತ್ತದೆ. ಅದನ್ನೇ ಗೂಡಿಗೆ ಹಾಸಬಹುದಲ್ಲ ಎನ್ನಿಸುವುದು ಸಹಜ. ಆದರೆ ಭತ್ತದ ಹುಲ್ಲಿನಲ್ಲಿ ಸಿಲಿಕ ಹೆಚ್ಚು. ಅಂಚು ಒರಟು, ತುದಿ ಚೂಪು. ಗಿನಿಪಿಗ್ ಹುಲ್ಲಿನೊಳಗೆ ತಲೆ ತೂರಿಸಿಕೊಂಡು ತಿನ್ನುವ ಪ್ರಾಣಿ. ಅದು ರೆಪ್ಪೆ ಮಿಟುಕಿಸುವುದೂ ಬಹಳ ಕಡಿಮೆ. ಹೀಗಾಗಿ ಹುಲ್ಲಿನ ಕಡ್ಡಿ ಕಣ್ಣಿನ ಪಾರದರ್ಶಕ ಹೊರಪದರವಾದ ಕಾರ್ನಿಯವನ್ನು ಸುಲಭವಾಗಿ ಗೀರುತ್ತದೆ. ಗೀರು ಹುಣ್ಣಾದರೆ ಕಣ್ಣು ಮಂಜಾಗುತ್ತದೆ. ಚಿಕಿತ್ಸೆ ತಡವಾದರೆ ಕಾರ್ನಿಯದಲ್ಲಿ ತೂತು ಬಿದ್ದು ಕಣ್ಣೇ ಹೋಗಬಹುದು.

ಬರಿಗಣ್ಣಿಗೆ ಕಾಣದ ಗೀರನ್ನು ಪಶುವೈದ್ಯರು ಫ್ಲೋರೆಸೀನ್ ಎಂಬ ಬಣ್ಣದಿಂದ ಪತ್ತೆ ಮಾಡುತ್ತಾರೆ. ಕಾರ್ನಿಯದ ಮೇಲ್ಪದರ ನೀರಿನಲ್ಲಿ ಕರಗಿದ ಈ ಬಣ್ಣವನ್ನು ಒಳಗೆ ಬಿಡುವುದಿಲ್ಲ. ಮೇಲ್ಪದರ ಕಿತ್ತುಹೋದ ಕಡೆ ಮಾತ್ರ ಬಣ್ಣ ಇಳಿದು, ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ.

ಹಲ್ಲಿಗೂ ಕಣ್ಣಿಗೂ ನಂಟು

ಗಿನಿಪಿಗ್‌ಗೆ 20 ಹಲ್ಲುಗಳು. ಅವೆಲ್ಲವೂ ಜೀವನಪೂರ್ತಿ ಬೆಳೆಯುತ್ತಿರುತ್ತವೆ. ನಾರಿರುವ ಹುಲ್ಲನ್ನು ಅಗಿದಾಗ ಸವೆಯುತ್ತವೆ. ಮೃದು ಆಹಾರವನ್ನೇ ಕೊಟ್ಟರೆ ಸವೆತ ಸಾಲದೆ ಮೇಲ್ದವಡೆಯ ಹಲ್ಲಿನ ಬೇರುಗಳು ಕಣ್ಣಿನ ಗೂಡಿನತ್ತ ಒತ್ತುತ್ತವೆ. ಆಗ ಕಣ್ಣಲ್ಲಿ ನೀರು ಸುರಿಯುತ್ತದೆ. ಬೇರಿನ ಬಳಿ ಕೀವು ಕಟ್ಟಿದರೆ ಕಣ್ಣುಗುಡ್ಡೆಯೇ ಮುಂದಕ್ಕೆ ಬರುತ್ತದೆ. ಇಲ್ಲಿ ಎಷ್ಟು ಹನಿ ಔಷಧ ಹಾಕಿದರೂ ಫಲವಿಲ್ಲ. ಚಿಕಿತ್ಸೆ ಆಗಬೇಕಾದ್ದು ಹಲ್ಲಿಗೆ.

ವಿಟಮಿನ್ ಸಿ ಪಾತ್ರ

ಬಹುಪಾಲು ಸ್ತನಿಗಳು ವಿಟಮಿನ್ ಸಿಯನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಂತೆ ಗಿನಿಪಿಗ್‌ಗೂ ಅದಕ್ಕೆ ಬೇಕಾದ ಒಂದು ಕಿಣ್ವವಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಶ್ ಇದಕ್ಕೆ ಸ್ಕರ್ವಿ ಬರುವುದನ್ನು ತೋರಿಸಿದರು. ಆ ರೋಗದ ಅಧ್ಯಯನಕ್ಕೆ ಅದರಿಂದ ದಾರಿಯಾಯಿತು. ಕೊಲ್ಯಾಜೆನ್ ಎಂಬ ಪ್ರೋಟೀನ್ ಕಟ್ಟಲು ಈ ವಿಟಮಿನ್ ಬೇಕು. ಕಾರ್ನಿಯದ ಬಹುಭಾಗ ಕೊಲ್ಯಾಜೆನ್. ಹಲ್ಲನ್ನು ಹಿಡಿದಿಡುವ ತಂತುಗಳೂ ಅದೇ. ಆದ್ದರಿಂದ ಕೊರತೆಯಾದರೆ ಗಾಯ ಮಾಯುವುದು ನಿಧಾನ, ಹಲ್ಲು ಸಡಿಲ, ಕಣ್ಣಿನ ಸುತ್ತ ಪಿಸುರು.

ಪೇರಲ, ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ ಸೊಪ್ಪುಗಳನ್ನು ತಾಜಾ ಇರುವಾಗ ಸ್ವಲ್ಪ ಸ್ವಲ್ಪ ಕೊಡಬಹುದು. ಕುಡಿಯುವ ನೀರಿಗೆ ವಿಟಮಿನ್ ಬೆರೆಸುವುದು ಪ್ರಯೋಜನಕರವಲ್ಲ. ಬೆಳಕು, ಬಿಸಿಗೆ ಅದು ಬೇಗ ನಾಶವಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಂತೂ ಹೇಳಬೇಕಾದ್ದೇ ಇಲ್ಲ.

ಸೋಂಕು ಮತ್ತು ಪೊರೆ

ಎಳೆಯ ಗಿನಿಪಿಗ್‌ಗಳಲ್ಲಿ ಕ್ಲಾಮಿಡಿಯ ಕೇವಿಯೆ ಎಂಬ ಬ್ಯಾಕ್ಟೀರಿಯ ಕಣ್ಣುಬೇನೆ ತರುತ್ತದೆ. ಅಪರೂಪಕ್ಕೆ ಇದು ಮನುಷ್ಯರಿಗೂ ಅಂಟಬಲ್ಲದು. ನೆದರ್ಲೆಂಡ್ಸ್‌ನಲ್ಲಿ ಮೂವರಿಗೆ ಇದರಿಂದ ತೀವ್ರ ನ್ಯುಮೋನಿಯ ಆದುದು 2017ರಲ್ಲಿ ವರದಿಯಾಗಿದೆ. ಆದ್ದರಿಂದ ಪ್ರಾಣಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ವಯಸ್ಸು, ವಂಶ, ಮಧುಮೇಹಗಳಿಂದ ಕಣ್ಣಿನ ಪೊರೆಯೂ ಬರುತ್ತದೆ. ಗೂಡಿನ ವಸ್ತುಗಳ ಜಾಗ ಬದಲಿಸದಿದ್ದರೆ ಕುರುಡು ಗಿನಿಪಿಗ್ ವಾಸನೆ, ಸ್ಪರ್ಶಗಳ ನೆರವಿನಿಂದ ಚೆನ್ನಾಗಿಯೇ ಬದುಕುತ್ತದೆ.

ಮಾಡಬಾರದ್ದು

ಮನೆಯಲ್ಲಿ ಉಳಿದ ಕಣ್ಣಿನ ಹನಿಯನ್ನು ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ; ಒಳಗೆ ಹುಣ್ಣು ಆಳವಾಗುತ್ತದೆ. ಪೆನಿಸಿಲಿನ್, ಆಂಪಿಸಿಲಿನ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಗಳು ಸತ್ತು ಗಿನಿಪಿಗ್ ಪ್ರಾಣವನ್ನೇ ಕಳೆದುಕೊಳ್ಳಬಹುದು. ಕಣ್ಣು ಮಂಜಾದರೆ ಅಥವಾ ಮುಂದಕ್ಕೆ ಬಂದರೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಗೂಡಿಗೆ ಮೆತ್ತನೆಯ ಹತ್ತಿ ಬಟ್ಟೆ ಹಾಸಿ, ತಿನ್ನಲು ದೂಳು ಕೊಡವಿದ ಮೃದು ಹುಲ್ಲನ್ನು ಕೊಡಿ.

ಶಿಕ್ಷಕರು ಈ ಪಾಠವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಭತ್ತದ ಕೊಯ್ಲು, ಒಕ್ಕಣೆಯ ಕಾಲದಲ್ಲಿ ಹೊಟ್ಟು, ಗರಿ ಸಿಡಿದು ನಮ್ಮ ಕಣ್ಣಿಗೂ ಗಾಯವಾಗುತ್ತದೆ. ಸಸ್ಯದ ಚೂರಿನಿಂದಾದ ಗಾಯದಲ್ಲಿ ಫ್ಯುಸೇರಿಯಂ, ಆಸ್ಪರ್ಜಿಲಸ್ ಮುಂತಾದ ಶಿಲೀಂಧ್ರಗಳು ಬೆಳೆಯಬಲ್ಲವು; ಸ್ಟೀರಾಯ್ಡ್ ಹನಿ ಅವುಗಳಿಗೆ ನೆರವಾಗುತ್ತದೆ. ಗಿನಿಪಿಗ್‌ಗೆ ಹೇಳಿದ ಎಚ್ಚರಿಕೆ ರೈತರ ಕಣ್ಣಿಗೂ ಅನ್ವಯಿಸುತ್ತದೆ: ಕಣ್ಣು ಉಜ್ಜದೆ, ಅಂಗಡಿಯ ಹನಿ ಹಾಕದೆ, ತಡಮಾಡದೆ ನೇತ್ರವೈದ್ಯರನ್ನು ಕಾಣಬೇಕು.