ಬೆರಳ ಸಂದಿನ ಲೆಕ್ಕ

ಹೆಬ್ಬೆರಳಿನ ಉಗುರು ಬೆಳ್ಳಗಾಗುವವರೆಗೆ ಒತ್ತಬೇಕು, ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಗಟ್ಟಿ ಒತ್ತಿದರೆ ಬಾವಿಲ್ಲದ ಕೀಲೂ ನೋಯುತ್ತದೆ. ಹಗುರಾಗಿ ಮುಟ್ಟಿದರೆ ಒಳಗೆ ಉರಿಯುತ್ತಿರುವ ಕೀಲೂ ಬಾಯಿ ಬಿಡುವುದಿಲ್ಲ. ಪುಸ್ತಕಗಳು ಇದನ್ನು ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋ ಒತ್ತಡ ಎನ್ನುತ್ತವೆ. ತಪಾಸಣೆಯ ಕೋಣೆಯಲ್ಲಿ ತಕ್ಕಡಿ ಎಲ್ಲಿಂದ ಬರಬೇಕು? ಒತ್ತುವವರ ಉಗುರಿನ ಬಣ್ಣವೇ ಅಳತೆ.

ಸಂಧಿವಾತದ ಹೊಸ ಔಷಧವೊಂದು ಕೆಲಸ ಮಾಡುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಸಂಶೋಧನೆಗಳಲ್ಲಿ ರಕ್ತಪರೀಕ್ಷೆ, ಎಕ್ಸ್-ರೇ, ಗಣಕಯಂತ್ರ ಎಲ್ಲವೂ ಇವೆ. ಆದರೂ ಮುಖ್ಯ ಸಾಕ್ಷಿ ಈ ಹೆಬ್ಬೆರಳಿನದೇ. ಈ ಕಸುಬಿನ ಪರಿಚಯ ನನಗಾದದ್ದು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಒಳಕೋಣೆಯಲ್ಲಿ. ಗದಗ ತಾಲ್ಲೂಕಿನ ಹೊಂಬಳದ ಕಡೆಯ ಹೆಣ್ಣುಮಗಳೊಬ್ಬಳು ಮೇಜಿನ ಮೇಲೆ ಎರಡೂ ಕೈ ಚಾಚಿ ಕೂತಿದ್ದಳು. ಎದುರಿಗೆ ಕೂತ ಕಿರಿಯ ವೈದ್ಯೆ ಮಾತಾಡದೆ ಆ ಕೈಗಳ ಸಂದು ಸಂದನ್ನೂ ಹಿಡಿದು ಎಣಿಸುತ್ತಿದ್ದಳು.

ಎಣಿಸಬೇಕಾದ ಕೀಲುಗಳು 28. ಬೆರಳ ಬುಡದವು ಹತ್ತು, ಬೆರಳ ನಡುವಿನವು ಹೆಬ್ಬೆರಳಿನದೂ ಸೇರಿ ಹತ್ತು, ಮಣಿಕಟ್ಟು, ಮೊಣಕೈ, ಭುಜ, ಮೊಣಕಾಲು ಎರಡೆರಡು. ಪ್ರತಿಯೊಂದಕ್ಕೂ ಎರಡು ಪ್ರಶ್ನೆ: ನೋವಿದೆಯೇ, ಬಾವಿದೆಯೇ. ನೋವನ್ನು ರೋಗಿ ಹೇಳಬೇಕು, ಅದೂ ಬಾಯಿಂದಲ್ಲ. ಪಳಗಿದ ವೈದ್ಯರು ಕೀಲು ಒತ್ತುವಾಗ ನೋಡುವುದು ರೋಗಿಯ ಮುಖವನ್ನು. ಬಾವನ್ನು ಮಾತ್ರ ಬೆರಳೇ ಕಂಡುಹಿಡಿಯಬೇಕು. ಎರಡೂ ಹೆಬ್ಬೆರಳನ್ನು ಸಂದಿನ ಆಚೀಚೆ ಇಟ್ಟು ಒಂದರಿಂದ ಅದುಮಿದಾಗ ಇನ್ನೊಂದರ ಕೆಳಗೆ ಮೆತ್ತಗೆ ಏನೋ ಉಬ್ಬಿ ಬಂದರೆ ಅದು ಉರಿಯೂತದ ಬಾವು. ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದು ಸವೆದ ಎಲುಬು, ಮುಪ್ಪಿನ ಗಂಟುನೋವು. ಈ ಲೆಕ್ಕಕ್ಕೆ ಬರುವುದಿಲ್ಲ.

ಕೀಲು ಎಣಿಸುವವರಿಗೆ ರೋಗಿ ಯಾವ ಗುಳಿಗೆ ನುಂಗುತ್ತಿದ್ದಾರೆಂದು ಗೊತ್ತಿರಬಾರದು. ಅನೇಕ ಅಧ್ಯಯನಗಳಲ್ಲಿ ರಕ್ತಪರೀಕ್ಷೆಯ ಫಲಿತಾಂಶವನ್ನೂ ಅವರಿಗೆ ತೋರಿಸುವುದಿಲ್ಲ, ಹೋದ ಸಲದ ಎಣಿಕೆಯನ್ನೂ ತೋರಿಸುವುದಿಲ್ಲ. ಸಾಧ್ಯವಾದಷ್ಟು ಪ್ರತಿ ಸಲ ಅದೇ ವ್ಯಕ್ತಿಯೇ ಎಣಿಸಬೇಕು, ಏಕೆಂದರೆ ಇಬ್ಬರ ಹೆಬ್ಬೆರಳು ಒಂದೇ ರೀತಿ ಒತ್ತುವುದಿಲ್ಲ. ಸಂಶೋಧನೆ ಶುರುವಾಗುವ ಮೊದಲು ವೈದ್ಯರನ್ನೆಲ್ಲ ಕೂಡಿಸಿ ಒಬ್ಬನೇ ರೋಗಿಯನ್ನು ಸರದಿಯಂತೆ ಪರೀಕ್ಷೆ ಮಾಡಿಸಿ, ಲೆಕ್ಕ ತಾಳೆಯಾಗುವವರೆಗೆ ತಿದ್ದುತ್ತಾರೆ. ತಂಬೂರಿಗೆ ಶ್ರುತಿ ಕೂಡಿಸಿದ ಹಾಗೆ. ಪಂಚಾಕ್ಷರಿ ಗವಾಯಿಗಳ ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಲೆಕ್ಕ ಹುಟ್ಟಿದ್ದು ನೆದರ್ಲೆಂಡ್ಸಿನ ನೈಮೇಗನ್ ಊರಿನಲ್ಲಿ, 1990ರ ಸುಮಾರಿಗೆ. 28 ಕೀಲುಗಳ ರೂಪ ಬಂದದ್ದು 1995ರಲ್ಲಿ. ನೋವಿನ ಕೀಲೆಷ್ಟು, ಬಾವಿನ ಕೀಲೆಷ್ಟು, ಉರಿಯೂತ ತೋರಿಸುವ ರಕ್ತದ ಇಎಸ್‌ಆರ್ ಎಷ್ಟು, ರೋಗಿಗೆ ಒಟ್ಟಾರೆ ಹೇಗನ್ನಿಸುತ್ತದೆ ಎಂಬ ನಾಲ್ಕನ್ನು ಸೂತ್ರಕ್ಕೆ ಹಾಕಿದರೆ ಒಂದು ಅಂಕಿ ಸಿಗುತ್ತದೆ. 5.1 ದಾಟಿದರೆ ರೋಗ ಜೋರಾಗಿದೆ, 2.6ಕ್ಕಿಂತ ಕೆಳಗಿಳಿದರೆ ಶಮನವಾಗಿದೆ. ಜಗತ್ತಿನ ಲೆಕ್ಕವಿಲ್ಲದಷ್ಟು ಔಷಧಗಳ ಹಣೆಬರಹ ಈ ಅಂಕಿಯ ಮೇಲೆ ನಿರ್ಧಾರವಾಗಿದೆ.

ಒಂದು ತಕರಾರು ನನ್ನದೂ ಇದೆ. ಈ ಇಪ್ಪತ್ತೆಂಟರಲ್ಲಿ ಪಾದವೇ ಇಲ್ಲ. ಹರಡು, ಕಾಲ್ಬೆರಳ ಬುಡ ಯಾವುದೂ ಇಲ್ಲ. ಬೇಗ ಎಣಿಸಿ ಮುಗಿಸಲಿ ಎಂದು ಬಿಟ್ಟದ್ದು. ಪಾದ ಸೇರಿಸಿದ ಉದ್ದನೆಯ ಪಟ್ಟಿಯೂ ಇದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಬೂಟು ಹಾಕಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರಿಗೆ ಇದು ನಡೆದೀತು. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದೊಳಗೆ ಹೆಜ್ಜೆಗೊಂದು ಸೇರು ಕೆಸರು ಹೊತ್ತು ನಡೆಯುವ ಹೊಂಬಳದ ಹೆಣ್ಣುಮಗಳ ಪಾದ ಲೆಕ್ಕದಿಂದ ಹೊರಗುಳಿದರೆ ಅವಳ ಅರ್ಧ ರೋಗವೇ ಹೊರಗುಳಿದ ಹಾಗೆ.

ಎಣಿಕೆ ಮುಗಿದ ಮೇಲೆ ಪ್ರಶ್ನೆಗಳು ಬಂದವು. ಇದಕ್ಕೆ ಮೂಲ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಫ್ರೈಸ್ ತಂಡ 1980ರಲ್ಲಿ ಪ್ರಕಟಿಸಿದ 20 ಪ್ರಶ್ನೆಗಳ ಪಟ್ಟಿ. ಬೂಟಿನ ಲೇಸು ಕಟ್ಟಿಕೊಳ್ಳಬಲ್ಲಿರಾ? ಮಾಂಸ ಕೊಯ್ಯಬಲ್ಲಿರಾ? ಹಾಲಿನ ಹೊಸ ಡಬ್ಬಿ ಬಿಚ್ಚಬಲ್ಲಿರಾ? ಕಾರಿನ ಬಾಗಿಲು ತೆಗೆಯಬಲ್ಲಿರಾ? ತೊಟ್ಟಿಯಲ್ಲಿ ಸ್ನಾನ ಮಾಡಬಲ್ಲಿರಾ? ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಇದು ಇಲ್ಲಿಗೆ ಹೊಂದುವುದಿಲ್ಲ ಎಂದು ದೆಹಲಿಯ ಏಮ್ಸ್‌ನ ವೈದ್ಯರು 12 ಪ್ರಶ್ನೆಗಳ ಭಾರತೀಯ ರೂಪವನ್ನು 2002ರಲ್ಲಿ ಪ್ರಕಟಿಸಿದರು. ಅದರಲ್ಲಿ ಕುಕ್ಕರಗಾಲಲ್ಲಿ ಕೂಡುವುದಿದೆ, ಚಕ್ಕಂಬಕ್ಕಳ ಹಾಕುವುದಿದೆ, ಆಟೋ ಹತ್ತಿ ಇಳಿಯುವುದಿದೆ, ಮೂರು ಕಿಲೋಮೀಟರ್ ನಡೆಯುವುದಿದೆ, ತರಕಾರಿ ಸಂತೆಯೂ ಇದೆ. ದೊಡ್ಡ ಸುಧಾರಣೆಯೇ.

ವೈದ್ಯೆ ಒಂದೊಂದಾಗಿ ಕೇಳುತ್ತ ಹೋದಳು. ತುಂಬಿದ ಲೋಟ ಎತ್ತಿ ಬಾಯಿಗೆ ಹಿಡಿಯಬಲ್ಲಿರಾ?

“ಎತ್ತತೀನ್ರಿ. ಎರಡೂ ಕೈಲೆ ಎತ್ತತೀನಿ.”

ನಲ್ಲಿ ತಿರುಗಿಸಬಲ್ಲಿರಾ?

“ನಮ್ಮ ನಳಕ್ಕ ತಿರುವೂದ ಇಲ್ರಿ. ನೀರು ಬಂದ್ರ ಬಂತು.”

ಪಟ್ಟಿ ಮುಗಿಯಿತು. ಆಕೆ ಇನ್ನೂ ಏನೋ ಕೇಳುತ್ತಾರೆಂದು ಕಾದು, ಕೊನೆಗೆ ತಾನೇ ಹೇಳಿದಳು: “ರೊಟ್ಟಿ ಬಡಿಯಾಕ ಆಗವಲ್ದ್ರಿ. ಅದನ್ನ ಬರಕೊಳ್ರಿ.”

ಬರೆದುಕೊಳ್ಳಲು ಪಟ್ಟಿಯಲ್ಲಿ ಜಾಗವಿರಲಿಲ್ಲ. ವೈದ್ಯೆ ಅಂಚಿನಲ್ಲಿ ಬರೆದಳು.

ಜೋಳದ ರೊಟ್ಟಿ ಮಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಆಕೆ ಹೇಳಿದ್ದರ ತೂಕ ತಿಳಿಯುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿನೀರು ಹಾಕಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರಷ್ಟೇ ಹಿಟ್ಟು ಕೂಡಿ ಬರುತ್ತದೆ. ಆ ಒತ್ತಡವೆಲ್ಲ ಮಣಿಕಟ್ಟಿನ ಮೇಲೆ. ಆಮೇಲೆ ಉಂಡೆಯನ್ನು ಹಲಗೆಯ ಮೇಲಿಟ್ಟು ಒಂದು ಕೈಯಿಂದ ಬಡಿಯುತ್ತ ಇನ್ನೊಂದರಿಂದ ತಿರುವಬೇಕು. ಬಡಿಯುವ ಕೈಯ ಬೆರಳು ನೇರ ಚಾಚಿರಬೇಕು, ಬೆರಳ ಬುಡ ಸಡಿಲವಾಗಿ ಆಡಬೇಕು. ತಿರುವುವ ಕೈ ಅಂಚನ್ನು ತುಸುವೇ ಮುಟ್ಟಬೇಕು. ಉರಿಯೂತದ ಸಂಧಿವಾತ ಮೊದಲು ಹಿಡಿಯುವುದು ಇದೇ ಜಾಗಗಳನ್ನು: ಬೆರಳ ಬುಡ, ಬೆರಳ ನಡು, ಮಣಿಕಟ್ಟು. ಬೆರಳ ತುದಿಯ ಕೀಲನ್ನು ಅದು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಈ ರೋಗದ ಕೀಲುಗಳು ಜೋರಾಗಿ ಬಿಗಿಯುವುದು ಬೆಳಗಿನ ಹೊತ್ತು, ಒಂದು ಗಂಟೆ, ಎರಡು ಗಂಟೆ. ರೊಟ್ಟಿ ಬಡಿಯುವುದೂ ಅದೇ ಹೊತ್ತಿಗೆ.

ರೊಟ್ಟಿ ದುಂಡಗೆ ಬರದಿದ್ದರೆ, ಒಂದು ಕಡೆ ದಪ್ಪಗಾದರೆ, ಮನೆಯವರಿಗೆ ಅದು ರೋಗವೆಂದು ಕಾಣುವುದಿಲ್ಲ, ಸೊಸೆಯ ಆಲಸ್ಯವೆಂದು ಕಾಣುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು ಕಾಣುವ ರೋಗವಿದು. ದಿನಕ್ಕೆ ಎಷ್ಟು ರೊಟ್ಟಿ ಬಡಿಯುತ್ತೀರಿ, ಎಷ್ಟಕ್ಕೆ ಕೈ ಸೋಲುತ್ತದೆ ಎಂಬ ಒಂದೇ ಪ್ರಶ್ನೆ ಗದಗ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಅಧ್ಯಯನಗಳಲ್ಲಿ ಸೇರಿದರೆ, ಹಾಲಿನ ಡಬ್ಬಿಯ ಪ್ರಶ್ನೆ ಎಂದೂ ಹೇಳದ್ದನ್ನು ಅದು ಹೇಳೀತು. ಹೊಸ ಪ್ರಶ್ನೆಯನ್ನು ಸುಮ್ಮನೆ ಸೇರಿಸಲಾಗುವುದಿಲ್ಲ ನಿಜ. ನೂರಾರು ರೋಗಿಗಳಿಗೆ ಎರಡೆರಡು ಸಲ ಕೇಳಿ, ಉತ್ತರ ಸ್ಥಿರವಾಗಿದೆಯೇ, ರೋಗದ ಏರಿಳಿತಕ್ಕೆ ಹೊಂದುತ್ತದೆಯೇ ಎಂದು ಒರೆಗೆ ಹಚ್ಚಬೇಕು. ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧಕ್ಕೆ ಸಾಕಾಗುವಷ್ಟು ಕೆಲಸ.

ಪ್ರಬಂಧವೆಂದರೆ ಗದಗಿಗೆ ಇದು ಹೊಸ ವಿಷಯವಲ್ಲ. ಗದಗಿನ ಡಿ.ಜಿ. ಮೇಲ್ಮಾಳಗಿ ಆಯುರ್ವೇದ ಮಹಾವಿದ್ಯಾಲಯದ ಸ್ನಾತಕೋತ್ತರ ವಿಭಾಗಗಳಲ್ಲಿ ಆಮವಾತದ ಮೇಲೆ, ಅಂದರೆ ಆಯುರ್ವೇದದಲ್ಲಿ ಈ ಸಂಧಿವಾತಕ್ಕೆ ಹೋಲಿಸುವ ರೋಗದ ಮೇಲೆ, ಪ್ರಬಂಧಗಳು ಬಂದಿವೆ. ಇಂಥ ಪ್ರಬಂಧಗಳ ನಡಿಗೆ ಸಾಮಾನ್ಯವಾಗಿ ಒಂದೇ: ಕೆಲವೇ ಹತ್ತು ರೋಗಿಗಳು, ಎರಡು ಗುಂಪು, ಒಂದಕ್ಕೆ ಈ ಚಿಕಿತ್ಸೆ, ಇನ್ನೊಂದಕ್ಕೆ ಆ ಚಿಕಿತ್ಸೆ. ಊರಿನ ಹಿರಿಯ ವೈದ್ಯರೊಬ್ಬರು ನನಗೆ ಇತಿಹಾಸ ಹೇಳಿದ್ದು ಮಾಧವಕರನಿಂದ ಶುರುಮಾಡಿ. ಆಮವಾತವನ್ನು ಬೇರೆಯೇ ರೋಗವೆಂದು ಗುರುತಿಸಿ ಅಧ್ಯಾಯ ಬರೆದವನು ಅವನು, ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ. ಚೇಳು ಕುಟುಕಿದಂಥ ನೋವು ಎಂದು ಅವನು ಹೇಳಿದ್ದನ್ನು ಇವತ್ತಿಗೂ ರೋಗಿಗಳು ಅದೇ ಮಾತಿನಲ್ಲಿ ಹೇಳುತ್ತಾರೆ. ಅಲ್ಲಿಂದ ಹಿರಿಯರು ಒಂದೇ ಜಿಗಿತಕ್ಕೆ ಮರಳಿನ ಗಂಟಿಗೆ ಬಂದರು: “ಎಲ್ಲಾರೂ ಎಣ್ಣಿ ತಿಕ್ಕತಾರ. ಆಮ ಇದ್ದಾಗ ಎಣ್ಣಿ ತಿಕ್ಕಬಾರದು. ಒಣ ಮರಳು ಹುರದು ಬಟ್ಟ್ಯಾಗ ಕಟ್ಟಿ ಕಾಸಬೇಕು. ಹೊಟ್ಟೀಗೆ ಔಡಲೆಣ್ಣಿ.” ನಡುವಿನ ಶತಮಾನಗಳ ಬಗ್ಗೆ ಕೇಳಿದರೆ ಚಹಾ ಬಂತು.

ಆಯುರ್ವೇದವನ್ನು ಇಂದಿನ ಸಂಶೋಧನೆಯ ಕಟ್ಟುನಿಟ್ಟಿಗೆ ಒಡ್ಡಿದ ಪ್ರಯತ್ನವೂ ಒಂದಿದೆ. ಕೊಯಮತ್ತೂರಿನಲ್ಲಿ 43 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಆಯುರ್ವೇದ, ಒಂದಕ್ಕೆ ಮೆಥೊಟ್ರೆಕ್ಸೇಟ್, ಮತ್ತೊಂದಕ್ಕೆ ಎರಡನ್ನೂ ಕೊಟ್ಟು 36 ವಾರ ನೋಡಿದರು. ಯಾರಿಗೆ ಯಾವುದು ನಿಜ, ಯಾವುದು ಹುಸಿ ಎಂದು ರೋಗಿಗೂ ವೈದ್ಯರಿಗೂ ತಿಳಿಯದ ಏರ್ಪಾಟು. ನಿಜವಾದ ಔಷಧದಂತೆಯೇ ಕಾಣುವ ಹುಸಿ ಔಷಧ ತಯಾರಿಸುವುದೇ ಒಂದು ಸಾಹಸ. 2011ರಲ್ಲಿ ಬಂದ ಫಲಿತಾಂಶದಲ್ಲಿ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ 43 ಜನರಿಂದ ಕೊನೆಯ ಮಾತು ಹೇಳಲಾಗದು. ಎರಡೂ ಪಂಥದ ಅಭಿಮಾನಿಗಳು ಇದನ್ನು ತಮ್ಮ ಗೆಲುವೆಂದು ಹೇಳಿಕೊಳ್ಳುವುದನ್ನು ಕೇಳಿದ್ದೇನೆ.

ಮೆಥೊಟ್ರೆಕ್ಸೇಟ್ ಇವತ್ತಿಗೂ ಈ ರೋಗದ ಮೊದಲ ಔಷಧ. ಅದರ ಹಿಂದಿನ ಸಂಶೋಧನೆಯನ್ನು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಬಂದದ್ದು ಕ್ಯಾನ್ಸರಿಗೆ, ಸಣ್ಣ ಪ್ರಮಾಣದಲ್ಲಿ ಸಂಧಿವಾತಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ವಾರಕ್ಕೆ ಒಂದೇ ದಿನ ನುಂಗಬೇಕು, ದಿನಾ ನುಂಗಿದರೆ ಜೀವಕ್ಕೇ ಅಪಾಯ. ಹಾಗಾಗಿ ಹೊಂಬಳದ ಹೆಣ್ಣುಮಗಳಿಗೆ ಅದು ‘ಸ್ವಾಮಾರದ ಗುಳಿಗಿ’. ವಾರವೇ ಅದರ ಹೆಸರಾದ ಮೇಲೆ ತಪ್ಪುವ ಭಯ ಕಡಿಮೆ.

ಗುಣ ಎಷ್ಟಾಯಿತು ಎಂದು ಅಳೆಯಲು ಸಂಶೋಧನೆಯ ಕಾಗದದಲ್ಲಿ ಹತ್ತು ಸೆಂಟಿಮೀಟರ್ ಉದ್ದದ ಗೆರೆ ಇರುತ್ತದೆ. ರೋಗಿ ಅದರ ಮೇಲೆ ಗುರುತು ಹಾಕಬೇಕು. ಹೊಲದವರಿಗೆ ಗೆರೆಯ ಮೇಲೆ ನೋವು ಗುರುತಿಸುವುದು ವಿಚಿತ್ರ ಆಟ. “ರೂಪಾಯಿಗೆ ಎಂಟಾಣೆ ಕಮ್ಮಿ ಆಗೇತ್ರಿ” ಎಂದಳು ಆಕೆ. ವೈದ್ಯೆ ನಕ್ಕು ಗೆರೆಯ ನಟ್ಟನಡುವೆ ಬೆರಳಿಟ್ಟು, “ಇಲ್ಲೇನ್ರಿ?” ಎಂದು ಕೇಳಿದಳು. ಆಕೆ ಸ್ವಲ್ಪ ಆಚೆ ತೋರಿಸಿದಳು.

ಅಧ್ಯಯನಕ್ಕೆ ಸೇರುವವರ ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಬೇಕೆಂಬುದು ಸರಿ. ಓದಲು ಬಾರದವರಾದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಬೇಕು. ಅಧ್ಯಯನವನ್ನು 2007ರಲ್ಲಿ ಶುರುವಾದ ರಾಷ್ಟ್ರೀಯ ದಾಖಲೆಪಟ್ಟಿಯಲ್ಲಿ ನೋಂದಾಯಿಸಬೇಕು. ಇವೆಲ್ಲ ಆಗುತ್ತವೆ. ಪತ್ರದ ಕನ್ನಡ ಮಾತ್ರ ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಹುಟ್ಟಿದ್ದು. ಕೀಲುಬ್ಯಾನಿಯವರು ಅದನ್ನು ಪುರಾಣ ಕೇಳಿದ ಹಾಗೆ ಕೇಳುತ್ತಾರೆ.

ಈ ಸೀಮೆಗೆ ಕೀಲುಬಾವಿನ ನೆನಪು ದಟ್ಟವಾಗಿದೆ. 2006ರ ಚಿಕೂನ್‌ಗುನ್ಯಾದಲ್ಲಿ ದೇಶದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷ ಕರ್ನಾಟಕದ್ದೇ. ಜ್ವರ ಹೋದರೂ ಕೆಲವರಿಗೆ ತಿಂಗಳುಗಟ್ಟಲೆ ಸಂದುಗಳು ಬಿಗಿದೇ ಇದ್ದವು. ಅಂದಿನಿಂದ ಕೀಲು ನೋವೆಂದರೆ ಊರವರಿಗೆ ‘ಚಿಕೂನ್‌ಗುನ್ಯಾದ ಉಳಿಕಿ’. ಎಷ್ಟೋ ಜನ ನಿಜವಾದ ಸಂಧಿವಾತವನ್ನೂ ಹಾಗೆಂದೇ ತಿಳಿದು, ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತ ವರ್ಷ ಕಳೆದಿದ್ದಾರೆ. ಮೊದಲ ಚುಚ್ಚಿಗೆ ಸ್ವರ್ಗ, ಆಮೇಲೆ ಮುಖ ಊದಿ, ಎಲುಬು ಟೊಳ್ಳು.

2020ರಲ್ಲಿ ಇನ್ನೊಂದು ಪೆಟ್ಟು. ಸಂಧಿವಾತಿಗಳು ವರ್ಷಗಟ್ಟಲೆ ನುಂಗುವ ಹೈಡ್ರಾಕ್ಸಿಕ್ಲೋರೋಕ್ವಿನ್ ಕೋವಿಡ್‌ಗೆ ರಾಮಬಾಣವೆಂಬ ಸುದ್ದಿ ಹಬ್ಬಿ ಅಂಗಡಿಗಳಿಂದ ಮಾಯವಾಯಿತು. ಆಮೇಲೆ ಕರ್ನಾಟಕ ರುಮಟಾಲಜಿ ಸಂಘದ ವೈದ್ಯರೇ ರಾಜ್ಯದ ಉರಿಯೂತದ ಕೀಲುರೋಗಿಗಳನ್ನು ಒಟ್ಟಾಗಿ ಹಿಂಬಾಲಿಸಿ, ಆ ಗುಳಿಗೆಯಿಂದ ಕೋವಿಡ್‌ನ ಫಲಿತಾಂಶದಲ್ಲಿ ವ್ಯತ್ಯಾಸವಾಗಲಿಲ್ಲ ಎಂದು ಪ್ರಕಟಿಸಿದರು. ನಮ್ಮ ರೋಗಿಗಳಿಂದಲೇ ಹೊರಟ ಉತ್ತರ ಅದು. ಇಂಥವು ಇನ್ನಷ್ಟು ಬರಬೇಕು.

ಮಹಾರಾಷ್ಟ್ರದ ಭಿಗವಣದಲ್ಲಿ 1996ರಲ್ಲಿ ಡಾ. ಅರವಿಂದ ಚೋಪ್ರಾ ತಂಡ ಮನೆಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕೇಳಿತು. ಸುಮಾರು ಇನ್ನೂರಕ್ಕೊಬ್ಬರಲ್ಲಿ ಈ ರೋಗ ಸಿಕ್ಕಿತು. ಆ ಪ್ರಮಾಣವೇ ನಮ್ಮಲ್ಲೂ ಇದ್ದರೆ ನಾಲ್ಕೈದು ಸಾವಿರ ವಯಸ್ಕರ ಊರಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ. ಗದಗಿನಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಆಯುರ್ವೇದ ಕಾಲೇಜಿದೆ, ಹಳ್ಳಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಒಂದು ಹಂಗಾಮು ಮನಸ್ಸು ಮಾಡಿದರೆ ಎಣಿಸಿ ಮುಗಿಸಬಹುದು. ಸಂಧಿವಾತದ ತಜ್ಞರು ಮಾತ್ರ ಇಂದಿಗೂ ಹೆಚ್ಚಾಗಿ ಬೆಂಗಳೂರಿನಲ್ಲೇ. ಈ ಕಡೆಯವರಿಗೆ ಹುಬ್ಬಳ್ಳಿಯೇ ಹತ್ತಿರದ ಆಸರೆ. ಹೊಂಬಳದಿಂದ ಗದಗ, ಅಲ್ಲಿಂದ ಮತ್ತೆ ಸುಮಾರು 60 ಕಿಲೋಮೀಟರ್. ಒಂದು ದಿನದ ಕೂಲಿ ಹೋಯಿತು.

ಅವತ್ತು ಹೊರಡುವ ಮುನ್ನ ಅಧ್ಯಯನದ ಸಂಯೋಜಕಿ ಹೊಂಬಳದ ಹೆಣ್ಣುಮಗಳಿಗೆ ಮುಂದಿನ ತಪಾಸಣೆಯ ದಿನಾಂಕ ಕೊಟ್ಟಳು: ಜನವರಿಯ ಕೊನೆಯ ವಾರ. ಆಕೆ ಬೆರಳೆಣಿಸಿ ತಲೆ ಅಲ್ಲಾಡಿಸಿದಳು. ಆಗ ಕಡಲೆ ಕೀಳುವ ಹೊತ್ತು. ಬಿಸಿಲೇರಿದರೆ ಕಾಯಿ ಉದುರುತ್ತದೆಂದು ನಸುಕಿನಲ್ಲೇ, ಇಬ್ಬನಿ ಇರುವಾಗಲೇ ಗಿಡ ಕೀಳಬೇಕು. ಎಲೆಯ ಹುಳಿಗೆ ಬೆರಳ ಸಂದು ಉರಿಯುತ್ತದೆ, ಚಳಿಗೆ ಬಿಗಿಯುತ್ತದೆ. ಆದರೂ ಹೋಗಲೇಬೇಕು.

“ಒಂದ ವಾರ ಹಿಂದ ಮುಂದ ಮಾಡಬಹುದ್ರಿ, ಅದಕ್ಕಿಂತ ಹೆಚ್ಚಿಗಿ ಆಗಂಗಿಲ್ಲ,” ಎಂದಳು ಸಂಯೋಜಕಿ.

“ವಾರದಾಗ ರಾಶಿ ಮುಗಿಯಂಗಿಲ್ರಿ,” ಎಂದಳು ಆಕೆ. “ಹದಿನೈದ ದಿನಾರ ಬೇಕು.”