ಗುಡಿಸಿದ್ದೇ ತಪ್ಪೆಂದ ತೀರ್ಪು

ಫೇಸ್‌ಬುಕ್‌ನ ಕನ್ನಡ ಗುಂಪಿನಲ್ಲೋ ಬಡಾವಣೆಯ ವಾಟ್ಸ್‌ಆ್ಯಪ್ ಬಳಗದಲ್ಲೋ ಯಾರದ್ದಾದರೂ ಮಾತನ್ನು ಅಡ್ಮಿನ್ ಅಳಿಸಿದ ಕೂಡಲೇ ‘ಅಳಿಸೋಕೆ ನೀವ್ಯಾರು?’ ಎಂಬ ಪ್ರಶ್ನೆ ಏಳುತ್ತದೆ. ಅಳಿಸದೆ ಬಿಟ್ಟರೆ ‘ಇಂಥದ್ದನ್ನೆಲ್ಲ ಯಾಕೆ ಬಿಟ್ಟುಕೊಂಡಿದ್ದೀರಿ?’ ಎಂದು ಮತ್ತೊಬ್ಬರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವಕ್ಕೆ ಕಾನೂನಿನ ಉತ್ತರ ಹುಡುಕುವ ಕೆಲಸ ಬಹುಪಾಲು ನಡೆದದ್ದು 1991ರಿಂದ 2001ರವರೆಗಿನ ಹತ್ತು ವರ್ಷಗಳಲ್ಲಿ, ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯ ನ್ಯಾಯಾಲಯಗಳಲ್ಲಿ. ಆಗ ಗೂಗಲ್ ಇನ್ನೂ ಹುಟ್ಟಿರಲಿಲ್ಲ, ಇಲ್ಲವೇ ಆಗಷ್ಟೇ ಕಣ್ಣು ಬಿಟ್ಟಿತ್ತು. ಫೇಸ್‌ಬುಕ್ ಅಂತೂ ಇರಲೇ ಇಲ್ಲ. ಆ ಹತ್ತು ವರ್ಷಗಳ ಕಥೆ ಗೊತ್ತಿಲ್ಲದೆ ಇಂದಿನ ಜಗಳವನ್ನು ಬಿಡಿಸಲಾಗದು ಎಂಬುದು ನನ್ನ ನಂಬಿಕೆ.

ಕಥೆಯ ನಡುವೆ ಇರುವುದು ಪ್ರಾಡಿಜಿ ಎಂಬ ಸಂಸ್ಥೆ. ಐಬಿಎಂ, ಸಿಯರ್ಸ್ ಮತ್ತು ಸಿಬಿಎಸ್ ಸೇರಿ 1984ರಲ್ಲಿ ಆರಂಭಿಸಿದ ಉದ್ಯಮವೇ ಮುಂದೆ ಈ ಹೆಸರು ಪಡೆಯಿತು. ಅದರ ಕೇಂದ್ರ ಕಚೇರಿ ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ವೈಟ್ ಪ್ಲೇನ್ಸ್‌ನಲ್ಲಿತ್ತು. ಟೆಲಿಫೋನ್ ತಂತಿಯ ಮೂಲಕ ಮನೆಯ ಕಂಪ್ಯೂಟರ್‌ಗೆ ಸುದ್ದಿ, ಖರೀದಿ, ಚರ್ಚಾಕಟ್ಟೆ ಎಲ್ಲವನ್ನೂ ತಂದುಕೊಡುತ್ತಿತ್ತು. 1990ರ ದಶಕದ ಮಧ್ಯಭಾಗಕ್ಕೆ ಅದರ ಚಂದಾದಾರರ ಸಂಖ್ಯೆ ಸುಮಾರು 20 ಲಕ್ಷ. ಇದು ಮಕ್ಕಳೂ ಅಜ್ಜಿಯರೂ ಕೂತು ನೋಡಬಹುದಾದ ಕುಟುಂಬದ ಸೇವೆ ಎಂದು ಪ್ರಾಡಿಜಿ ಹೇಳಿಕೊಳ್ಳುತ್ತಿತ್ತು. ಪತ್ರಿಕೆಯೊಂದು ತನ್ನ ಪುಟಗಳನ್ನು ಕಾಯುವ ಹಾಗೆ ನಾವೂ ಕಾಯುತ್ತೇವೆ ಎಂದು ಸಾರ್ವಜನಿಕವಾಗಿಯೇ ಹೇಳಿತ್ತು. ಆ ಕಾಲಕ್ಕೆ ಇದು ಅಪರೂಪದ ಧೋರಣೆ.

ಕಾಯುವ ಕೆಲಸ ಎಷ್ಟು ಕಷ್ಟ ಎಂಬುದು ಬಹುಬೇಗ ಗೊತ್ತಾಯಿತು. 1990ರಲ್ಲಿ ಇಮೇಲ್ ದರ ಏರಿಸಿದಾಗ ಸದಸ್ಯರು ಚರ್ಚಾಕಟ್ಟೆಯಲ್ಲೇ ಪ್ರತಿಭಟಿಸಿದರು. ಪ್ರಾಡಿಜಿ ಆ ಚರ್ಚೆಗೆ ಕಡಿವಾಣ ಹಾಕಿ ಕೆಲವು ಸದಸ್ಯರನ್ನು ಹೊರಗಟ್ಟಿತು. ತನ್ನ ವ್ಯಾಪಾರವನ್ನು ಟೀಕಿಸಿದವರ ಬಾಯಿಯನ್ನು ಸಭ್ಯತೆಯ ಹೆಸರಿನಲ್ಲಿ ಮುಚ್ಚಿಸಿದ್ದು ಅಧಿಕಾರದ ದುರುಪಯೋಗವೇ ಸರಿ. ಮರುವರ್ಷ ಏಟು ಬಿದ್ದದ್ದು ಎದುರು ದಿಕ್ಕಿನಿಂದ. ಹಿಟ್ಲರನ ಕಾಲದ ಯಹೂದಿ ನರಮೇಧ ನಡೆದೇ ಇಲ್ಲ ಎನ್ನುವಂಥ ಬರಹಗಳನ್ನು ಪ್ರಾಡಿಜಿ ಬಿಟ್ಟುಕೊಂಡಿದೆ ಎಂದು ಯಹೂದಿ ಹಕ್ಕುಗಳ ಸಂಘಟನೆಯಾದ ಆ್ಯಂಟಿ-ಡಿಫಮೇಷನ್ ಲೀಗ್ ದನಿ ಎತ್ತಿತು. 1991ರ ಅಕ್ಟೋಬರ್‌ನಲ್ಲಿ ಸಂಸ್ಥೆ ನಿಯಮ ಬಿಗಿಗೊಳಿಸಿತು. ಹೀಗೆ ಅಳಿಸಿದ್ದಕ್ಕೊಮ್ಮೆ, ಅಳಿಸದೆ ಬಿಟ್ಟಿದ್ದಕ್ಕೊಮ್ಮೆ ಒಂದೇ ಸಂಸ್ಥೆ ಬೈಸಿಕೊಂಡಿತು.

ಅದೇ ತಿಂಗಳ 29ರಂದು ಮ್ಯಾನ್‌ಹಟನ್‌ನ ಫೆಡರಲ್ ನ್ಯಾಯಾಲಯದಲ್ಲಿ ನ್ಯಾಯಾಧೀಶ ಪೀಟರ್ ಲೆಷರ್ ಬೇರೊಂದು ಪ್ರಕರಣದಲ್ಲಿ ತೀರ್ಪು ಕೊಟ್ಟರು. ಪ್ರಾಡಿಜಿಯ ಪ್ರತಿಸ್ಪರ್ಧಿ ಕಂಪ್ಯೂಸರ್ವ್‌ನ ಒಂದು ವೇದಿಕೆಯಲ್ಲಿ ಬರುತ್ತಿದ್ದ ‘ರೂಮರ್‌ವಿಲ್’ ಎಂಬ ಸುದ್ದಿಪತ್ರ ತಮ್ಮ ಮಾನ ಕಳೆದಿದೆ ಎಂದು ಕಬ್ಬಿ ಎಂಬ ಸಂಸ್ಥೆಯವರು ದೂರಿದ್ದರು. ಆ ಪತ್ರವನ್ನು ಕಂಪ್ಯೂಸರ್ವ್ ಮೊದಲೇ ಓದುತ್ತಿರಲಿಲ್ಲ. ವೇದಿಕೆಯನ್ನು ನೋಡಿಕೊಳ್ಳುವ ಕೆಲಸವನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟಿತ್ತು. ಹಾಗಾಗಿ ಕಂಪ್ಯೂಸರ್ವ್ ಗ್ರಂಥಾಲಯ ಅಥವಾ ಪುಸ್ತಕದಂಗಡಿಯಂತೆ ವಿತರಕ ಮಾತ್ರ, ಒಳಗೇನಿದೆ ಎಂದು ತಿಳಿಯದಿದ್ದಾಗ ಅದು ಹೊಣೆಯಲ್ಲ ಎಂದಿತು ಕೋರ್ಟು. ತರ್ಕ ಸರಿಯಾಗಿಯೇ ಇತ್ತು. ಆದರೆ ಅದರ ಬೆನ್ನ ಹಿಂದೆ ಒಂದು ಪ್ರಶ್ನೆ ಉಳಿಯಿತು: ಓದುವವರ, ತಿದ್ದುವವರ, ಅಳಿಸುವವರ ಗತಿಯೇನು?

ಉತ್ತರ ಬರಲು ಮೂರೂವರೆ ವರ್ಷ ಹಿಡಿಯಿತು. 1994ರ ಅಕ್ಟೋಬರ್ 23 ಮತ್ತು 25ರಂದು ಪ್ರಾಡಿಜಿಯ ‘ಮನಿ ಟಾಕ್’ ಚರ್ಚಾಕಟ್ಟೆಯಲ್ಲಿ ಗುರುತು ಸಿಗದ ಒಬ್ಬರು ಲಾಂಗ್ ಐಲ್ಯಾಂಡ್‌ನ ಷೇರು ದಲ್ಲಾಳಿ ಸಂಸ್ಥೆ ಸ್ಟ್ರಾಟನ್ ಓಕ್ಮಾಂಟ್ ಮತ್ತು ಅದರ ಅಧ್ಯಕ್ಷ ಡ್ಯಾನಿಯಲ್ ಪೊರೂಷ್ ವಂಚಕರು ಎಂದು ಬರೆದರು. ಸಂಸ್ಥೆ ಪ್ರಾಡಿಜಿಯ ಮೇಲೆಯೇ 20 ಕೋಟಿ ಡಾಲರ್‌ಗಳ ಮಾನಹಾನಿ ಮೊಕದ್ದಮೆ ಹೂಡಿತು. ನಾಸೌ ಕೌಂಟಿಯ ವಿಚಾರಣಾ ನ್ಯಾಯಾಧೀಶ ಸ್ಟುವರ್ಟ್ ಏನ್ 1995ರ ಮೇ 24ರಂದು ಪ್ರಾಡಿಜಿ ವಿತರಕನಲ್ಲ, ಪ್ರಕಾಶಕ ಎಂದು ತೀರ್ಮಾನಿಸಿದರು. ಅದಕ್ಕೆ ಅವರು ಕೊಟ್ಟ ಆಧಾರಗಳನ್ನು ಹತ್ತಿರದಿಂದ ನೋಡಬೇಕು. ಪ್ರಾಡಿಜಿ ಸದಸ್ಯರಿಗೆ ನಡವಳಿಕೆಯ ನಿಯಮ ಬರೆದುಕೊಟ್ಟಿತ್ತು. ಕೆಟ್ಟ ಮಾತುಗಳನ್ನು ಸೋಸುವ ತಂತ್ರಾಂಶ ಇಟ್ಟಿತ್ತು. ಪ್ರತಿ ಚರ್ಚೆಗೂ ಬೋರ್ಡ್ ಲೀಡರ್ ಎಂಬ ಮೇಲ್ವಿಚಾರಕರನ್ನು ನೇಮಿಸಿತ್ತು. ಬರಹ ಅಳಿಸುವ ಸೌಲಭ್ಯ ಅವರ ಕೈಯಲ್ಲಿತ್ತು. ಅಳಿಸಿದಾಗ ಬರೆದವರಿಗೆ ಕಾರಣ ತಿಳಿಸುವ ಸಿದ್ಧ ಒಕ್ಕಣೆಗಳೂ ಇದ್ದವು. ಇದು ಅವಮಾನಕರ, ಇದು ವಿಷಯಕ್ಕೆ ಸಂಬಂಧಿಸಿದ್ದಲ್ಲ, ಇದು ತಪ್ಪು ಸಲಹೆ, ಇದು ಅಭಿರುಚಿಹೀನ, ಹೀಗೆ. ದಿನಕ್ಕೆ 60,000 ಬರಹ ಬರುತ್ತವೆ, ಎಲ್ಲವನ್ನೂ ಓದಲು ಸಾಧ್ಯವಿಲ್ಲ ಎಂದು ಪ್ರಾಡಿಜಿ ವಾದಿಸಿದರೂ ಪ್ರಯೋಜನವಾಗಲಿಲ್ಲ. ನಿಯಂತ್ರಣದ ಲಾಭ ಪಡೆಯಲು ಹೊರಟವರು ಅದರ ಹೊಣೆಯನ್ನೂ ಹೊರಬೇಕು ಎಂಬುದು ತೀರ್ಪಿನ ತಿರುಳು.

ಮೇಲ್ನೋಟಕ್ಕೆ ಇದು ನ್ಯಾಯವೆನಿಸುತ್ತದೆ. ಆದರೆ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಏನನ್ನೂ ಓದದ ಕಂಪ್ಯೂಸರ್ವ್ ಪಾರಾಯಿತು. ನಿಯಮ ಬರೆದು, ಆಳಿಟ್ಟು, ಕಾರಣ ಹೇಳಿ ಅಳಿಸಿದ ಪ್ರಾಡಿಜಿ ಸಿಕ್ಕಿಬಿತ್ತು. ಅಂಗಳ ಗುಡಿಸಿದವನ ಕೈಹಿಡಿದು ಮೂಲೆಯಲ್ಲುಳಿದ ಕಸಕ್ಕೆಲ್ಲ ನೀನೇ ಹೊಣೆ ಎಂದರೆ, ನಾಳೆಯಿಂದ ಯಾರೂ ಪೊರಕೆ ಮುಟ್ಟುವುದಿಲ್ಲ. ಪ್ರಾಡಿಜಿ ಹತ್ತು ಹೊಲಸು ಮಾತುಗಳನ್ನು ಅಳಿಸಿದ್ದರಿಂದ ಹನ್ನೊಂದನೆಯದು ಅದರದೇ ಮಾತಾಗುವುದಿಲ್ಲ. ಅಂದು ಮಾನ ಹೋಯಿತೆಂದು ಕೋರ್ಟಿಗೆ ಬಂದವರ ಮುಂದಿನ ಚರಿತ್ರೆಯನ್ನೂ ಇಲ್ಲಿ ಹೇಳಲೇಬೇಕು. 1996ರ ಡಿಸೆಂಬರ್‌ನಲ್ಲಿ ಸ್ಟ್ರಾಟನ್ ಓಕ್ಮಾಂಟ್ ಅನ್ನು ಷೇರು ವಹಿವಾಟುದಾರರ ರಾಷ್ಟ್ರೀಯ ಸಂಘ ಹೊರಹಾಕಿತು. ಸ್ಥಾಪಕ ಜೋರ್ಡನ್ ಬೆಲ್ಫರ್ಟ್ ಮತ್ತು ಪೊರೂಷ್ 1999ರಲ್ಲಿ ಷೇರು ವಂಚನೆಯ ತಪ್ಪೊಪ್ಪಿಕೊಂಡು ಮುಂದೆ ಜೈಲು ಸೇರಿದರು. ‘ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್’ ಸಿನಿಮಾ ಬಂದದ್ದು ಈ ಸಂಸ್ಥೆಯ ಮೇಲೆಯೇ. ಪ್ರಾಡಿಜಿಯಾದರೋ 1995ರ ಅಕ್ಟೋಬರ್‌ನಲ್ಲೇ ಕ್ಷಮೆ ಕೇಳಿ ರಾಜಿಯಾಗಿತ್ತು. ಆ ಎರಡು ಬರಹಗಳು ನಿಜವೋ ಸುಳ್ಳೋ ಎಂಬುದು ಕೋರ್ಟಿನಲ್ಲಿ ವಿಚಾರಣೆಗೆ ಬರಲೇ ಇಲ್ಲ.

ನಾಸೌ ತೀರ್ಪಿನ ಸುದ್ದಿಯನ್ನು ಕ್ಯಾಲಿಫೋರ್ನಿಯಾದ ಸಂಸದ ಕ್ರಿಸ್ ಕಾಕ್ಸ್ ವಾಷಿಂಗ್ಟನ್‌ಗೆ ಹಾರುತ್ತಿದ್ದ ವಿಮಾನದಲ್ಲಿ ಪತ್ರಿಕೆಯಲ್ಲಿ ಓದಿದರು. ರಿಪಬ್ಲಿಕನ್ ಪಕ್ಷದ ಅವರು ಡೆಮಾಕ್ರಟಿಕ್ ಪಕ್ಷದ ರಾನ್ ವೈಡನ್ ಜೊತೆ ಕೂತು ತಿದ್ದುಪಡಿ ಬರೆದರು. 1995ರ ಆಗಸ್ಟ್‌ನಲ್ಲಿ ಕೆಳಮನೆ 420-4 ಮತಗಳಿಂದ ಒಪ್ಪಿತು; 1996ರ ಫೆಬ್ರುವರಿ 8ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ಇದೇ ಇಂದು ಜಗತ್ತಿನಾದ್ಯಂತ ಚರ್ಚೆಯಾಗುವ ಸೆಕ್ಷನ್ 230. ಇದರಲ್ಲಿ ಎರಡು ರಕ್ಷಣೆಗಳಿವೆ. ಬೇರೆಯವರು ಬರೆದದ್ದಕ್ಕೆ ವೇದಿಕೆಯನ್ನು ಪ್ರಕಾಶಕನೆಂದು ಪರಿಗಣಿಸಬಾರದು ಎಂಬುದು ಒಂದು. ಆಕ್ಷೇಪಾರ್ಹವೆಂದು ಸದುದ್ದೇಶದಿಂದ ಅಳಿಸಿದ್ದಕ್ಕೆ ಅದನ್ನು ಕೋರ್ಟಿಗೆಳೆಯಬಾರದು ಎಂಬುದು ಇನ್ನೊಂದು. 1999ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ಪ್ರಾಡಿಜಿಯ ಮತ್ತೊಂದು ಪ್ರಕರಣದಲ್ಲಿ, ಸೆಕ್ಷನ್ 230ರ ಆಸರೆಯಿಲ್ಲದೆಯೇ, ಕೆಲವು ಅಸಭ್ಯ ಬರಹಗಳನ್ನು ತೆಗೆಯುವ ಅಧಿಕಾರ ಇದ್ದ ಮಾತ್ರಕ್ಕೆ ಉಳಿದ ಲಕ್ಷಾಂತರ ಸಂದೇಶಗಳಿಗೆ ಅದು ಪ್ರಕಾಶಕವಾಗುವುದಿಲ್ಲ ಎಂದಿತು. ಏನ್ ಅವರ ತರ್ಕಕ್ಕೆ ಅವರದೇ ರಾಜ್ಯದಲ್ಲಿ ತೆರೆಬಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟು. ಸಭ್ಯತೆ ತಾನಾಗಿ ಬರುವುದಿಲ್ಲ. ಯಾರೋ ಕೂತು ಓದಿ, ಅಳೆದು ತೂಗಿ, ಅಳಿಸಿ ಅದನ್ನು ಉಳಿಸಬೇಕು. ಅದು ದುಡಿಮೆ. 1990ರಲ್ಲಿ ಸ್ಟೇಸಿ ಹಾರ್ನ್ ನ್ಯೂಯಾರ್ಕ್‌ನಲ್ಲಿ ‘ಎಕೋ’ ಎಂಬ ಚರ್ಚಾತಾಣ ಕಟ್ಟಿದಾಗ ಪ್ರತಿ ವಿಭಾಗಕ್ಕೂ ಒಬ್ಬ ಆತಿಥೇಯರಿದ್ದರು, ಸದಸ್ಯರು ಊರೊಳಗೆ ಮುಖಾಮುಖಿ ಸೇರುತ್ತಿದ್ದರು. ಅದೇ ನಗರದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ 2017ರ ಹೊತ್ತಿಗೆ 14 ಮಂದಿ ದಿನಕ್ಕೆ 11-12 ಸಾವಿರ ಕಾಮೆಂಟುಗಳನ್ನು ಓದುತ್ತಿದ್ದರು. ಅಷ್ಟು ದುಡಿದರೂ ಸುಮಾರು ಶೇ 10ರಷ್ಟು ಬರಹಗಳಿಗೆ ಮಾತ್ರ ಕಾಮೆಂಟ್ ತೆರೆಯಲು ಸಾಧ್ಯವಾಗಿತ್ತು. ಆ ವರ್ಷದ ಜೂನ್‌ನಲ್ಲಿ ಗೂಗಲ್ ಬಳಗದ ಜಿಗ್‌ಸಾ ಜೊತೆ ಸೇರಿ ಯಂತ್ರದ ನೆರವು ಪಡೆದ ಮೇಲೆ ಬಾಗಿಲು ಅಗಲವಾಯಿತು. ಆದರೆ ಇಂಗ್ಲಿಷಿಗೆ ಒಗ್ಗಿದ ಯಂತ್ರಕ್ಕೆ ಕನ್ನಡದ ಬೈಗುಳ, ಅದರಲ್ಲೂ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ಕನ್ನಡದ ಬೈಗುಳ, ಸುಲಭಕ್ಕೆ ದಕ್ಕದು. ಜಾತಿಯ ಹೆಸರನ್ನು ಮಾಹಿತಿಯಾಗಿ ಹೇಳಿದ್ದೋ ಹೀಯಾಳಿಸಿ ಹೇಳಿದ್ದೋ ಎಂದು ತಿಳಿಯಲು ಊರು ಗೊತ್ತಿರುವ ಮನುಷ್ಯರೇ ಬೇಕು.

ಇಲ್ಲಿ ಎರಡು ಬಲವಾದ ಆಕ್ಷೇಪಗಳಿವೆ. ಮೊದಲನೆಯದು, ಅಳಿಸುವ ಅಧಿಕಾರ ಕೊಟ್ಟರೆ ಅದು ಸೆನ್ಸಾರ್ ಆಗುತ್ತದೆ ಎಂಬುದು. ಇಮೇಲ್ ದರದ ಗಲಾಟೆಯಲ್ಲಿ ಪ್ರಾಡಿಜಿ ಮಾಡಿದ್ದು ಅದನ್ನೇ. ಆದರೆ ಅಧಿಕಾರ ಕಿತ್ತುಕೊಂಡರೆ ಪರಿಹಾರ ಸಿಗುವುದಿಲ್ಲ. ಯಾರೂ ಕಾಯದ ಕಟ್ಟೆಯಲ್ಲಿ ಜೋರು ಬಾಯಿಯವರು ಉಳಿಯುತ್ತಾರೆ, ಹೆಂಗಸರು, ದುರ್ಬಲರು, ಮೆಲುದನಿಯವರು ಎದ್ದು ಹೋಗುತ್ತಾರೆ. ಅದೂ ಬಾಯಿ ಮುಚ್ಚಿಸುವ ಬಗೆಯೇ. ಪರಿಹಾರ ಇರುವುದು ಕ್ರಮಬದ್ಧವಾದ ವಿಧಾನದಲ್ಲಿ. ಅದರ ಮಾದರಿ ನ್ಯೂಜೆರ್ಸಿಯಲ್ಲಿ ಸಿಗುತ್ತದೆ. ಮಾರಿಸ್‌ಟೌನ್‌ನ ಡೆಂಡ್ರೈಟ್ ಎಂಬ ಕಂಪನಿ, ಯಾಹೂ ಚರ್ಚಾಕಟ್ಟೆಯಲ್ಲಿ ತನ್ನನ್ನು ಟೀಕಿಸಿದ ಅನಾಮಿಕರ ಹೆಸರು ಕೊಡಿಸಿ ಎಂದು ಕೇಳಿತ್ತು. 2001ರ ಜುಲೈನಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಮೆಟ್ಟಿಲು ಮೆಟ್ಟಿಲಾಗಿ ಒಂದು ಪರೀಕ್ಷೆ ರೂಪಿಸಿತು: ಮೊದಲು ಆ ಅನಾಮಿಕರಿಗೆ ತಿಳಿವಳಿಕೆ ಕೊಡಿ, ಯಾವ ಮಾತು ತಪ್ಪೆಂದು ನಿಖರವಾಗಿ ತೋರಿಸಿ, ದೂರಿನಲ್ಲಿ ಮೇಲ್ನೋಟಕ್ಕಾದರೂ ಹುರುಳಿರಲಿ, ಪುರಾವೆ ಒದಗಿಸಿ, ಕೊನೆಗೆ ಅನಾಮಿಕರಾಗಿ ಮಾತಾಡುವ ಹಕ್ಕನ್ನೂ ದೂರಿನ ಬಲವನ್ನೂ ತೂಗಿ ನೋಡಿ. ಆ ಮೇಲ್ಮನವಿಯಲ್ಲಿ ಡೆಂಡ್ರೈಟ್‌ಗೆ ಹೆಸರು ಸಿಗಲಿಲ್ಲ. ಇದು ಗುರುತು ಬಯಲು ಮಾಡುವ ಪ್ರಶ್ನೆಗೆ ಹುಟ್ಟಿದ ಪರೀಕ್ಷೆಯಾದರೂ, ತಿಳಿಸು, ತೋರಿಸು, ಕೇಳಿಸಿಕೋ, ತೂಗು ಎಂಬ ಅದರ ಕ್ರಮ ಬರಹ ಅಳಿಸುವ ಪ್ರತಿಯೊಬ್ಬ ಮಾಡರೇಟರ್‌ಗೂ ಸಲ್ಲುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಭಾರವಾದದ್ದು. ಗುಡಿಸುವವರನ್ನು ಕಾಪಾಡಲು ಬಂದ ಕಾನೂನು ಗುಡಿಸದವರನ್ನೂ ಕಾಪಾಡಿತು. 1997ರಲ್ಲಿ ಅಮೆರಿಕ ಆನ್‌ಲೈನ್ ವಿರುದ್ಧದ ಮೊಕದ್ದಮೆಯಲ್ಲಿ, ದೂರು ಬಂದ ಮೇಲೂ ಸುಮ್ಮನಿದ್ದ ವೇದಿಕೆಗೆ ಸೆಕ್ಷನ್ 230ರ ರಕ್ಷಣೆ ಇದೆ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಉಳಿದ ನ್ಯಾಯಾಲಯಗಳು ಅದನ್ನೇ ಹಿಡಿದವು. ಅದರ ಫಲ ನ್ಯೂಯಾರ್ಕ್‌ನಲ್ಲೇ ಕಾಣಿಸಿತು. ಅಲ್ಲಿನ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಹಳೆಯ ಸಂಗಾತಿಯೊಬ್ಬ ಗ್ರೈಂಡರ್ ಎಂಬ ಡೇಟಿಂಗ್ ಆ್ಯಪಿನಲ್ಲಿ ಸುಳ್ಳು ಖಾತೆ ತೆರೆದ. ಅದನ್ನು ನಂಬಿ ಸಾವಿರಕ್ಕೂ ಹೆಚ್ಚು ಅಪರಿಚಿತರು ಆತನ ಮನೆಗೂ ಕೆಲಸದ ಜಾಗಕ್ಕೂ ಬಂದರು. ಮತ್ತೆ ಮತ್ತೆ ದೂರಿದರೂ ಕಂಪನಿ ತಡೆಯಲಿಲ್ಲ ಎಂಬುದು ಆತನ ಅಳಲು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಆತನ ಕೇಸನ್ನು ತಳ್ಳಿಹಾಕಿತು. ಇದನ್ನು ಯಾರೂ ಸಮರ್ಥಿಸಲಾಗದು. ನಿರ್ದಿಷ್ಟ ಹಾನಿ ಗೊತ್ತಾದ ಮೇಲೂ ಕೈಕಟ್ಟಿ ಕೂತವರು ಹೊಣೆ ಹೊರಲೇಬೇಕು. ಆದರೆ ಆ ಹೊಣೆಗೆ ಆಧಾರವಾಗಬೇಕಾದ್ದು ಅವರ ನಿಷ್ಕ್ರಿಯತೆ. ಬೇರೆ ಕಡೆ ಗುಡಿಸಿದ್ದರು ಎಂಬುದಲ್ಲ. ನಾಸೌ ತೀರ್ಪು ಇವೆರಡನ್ನೂ ಕಲಸಿಬಿಟ್ಟಿತು. ಅದನ್ನು ತಿದ್ದುವ ಭರದಲ್ಲಿ ಬಂದ ಕಾನೂನನ್ನು ನ್ಯಾಯಾಲಯಗಳು ಇನ್ನೊಂದು ಕೊನೆಗೆ ಎಳೆದೊಯ್ದವು.

ನಮ್ಮ ದೇಶದ ಕಾನೂನಿನಲ್ಲಿ ಪ್ರಾಡಿಜಿಯ ನೆರಳು ಇನ್ನೂ ಇದೆ. 2008ರಲ್ಲಿ ತಿದ್ದುಪಡಿಯಾದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 79, ಮಾಹಿತಿಯನ್ನು ಆಯ್ಕೆ ಮಾಡದ, ಬದಲಿಸದ ಮಧ್ಯವರ್ತಿಗೆ ರಕ್ಷಣೆ ಎನ್ನುತ್ತದೆ. ಹಾಗಾದರೆ ತಾನಾಗಿ ಅಳಿಸಿದವರು ರಕ್ಷಣೆ ಕಳೆದುಕೊಳ್ಳುತ್ತಾರೆಯೇ? 2021ರ ನಿಯಮಗಳು ಹೊರಬಂದಾಗ, ಸ್ವಯಂಪ್ರೇರಣೆಯಿಂದ ತೆಗೆದದ್ದು ಆ ಷರತ್ತಿನ ಉಲ್ಲಂಘನೆಯಲ್ಲ ಎಂಬ ಒಂದು ಪರಂತುಕ ಸೇರಿಕೊಂಡಿತು. ಒಳ್ಳೆಯದೇ. ಆದರೆ ನಿಯಮವನ್ನು ಸರ್ಕಾರ ಒಂದು ಅಧಿಸೂಚನೆಯಿಂದ ಬದಲಿಸಬಹುದು, ಕಾಯ್ದೆಯನ್ನು ಸಂಸತ್ತೇ ಬದಲಿಸಬೇಕು. ಕರ್ನಾಟಕ ಹೈಕೋರ್ಟ್‌ನಲ್ಲಿ ನಡೆದ ದೊಡ್ಡ ವ್ಯಾಜ್ಯಗಳು, ಅಂದರೆ 2023ರ ಜೂನ್‌ನಲ್ಲಿ ಟ್ವಿಟರ್‌ಗೆ 50 ಲಕ್ಷ ರೂಪಾಯಿ ದಂಡ ವಿಧಿಸಿದ ತೀರ್ಪು ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಅಳಿಸುವ ಸೂಚನೆ ಕಳಿಸುವ ಸರ್ಕಾರದ ‘ಸಹಯೋಗ್’ ಪೋರ್ಟಲ್ ವಿರುದ್ಧ ಅದೇ ಟ್ವಿಟರ್, ಈಗಿನ ಎಕ್ಸ್ ಕಂಪನಿ, ಸಲ್ಲಿಸಿದ್ದ ಅರ್ಜಿ ವಜಾ ಮಾಡಿದ ತೀರ್ಪು, ಎರಡೂ ಸರ್ಕಾರ ಅಳಿಸು ಎಂದಾಗ ಏನಾಗಬೇಕು ಎಂಬುದರ ಬಗ್ಗೆ. ಯಾರೂ ಹೇಳದೆಯೇ ತನ್ನ ಕಟ್ಟೆಯನ್ನು ಚೊಕ್ಕಟವಾಗಿಡುವ ಅಡ್ಮಿನ್‌ನ ಪ್ರಶ್ನೆ ಈ ಗದ್ದಲದಲ್ಲಿ ಕಳೆದೇಹೋಗಿದೆ.

ಆ 2021ರ ಪರಂತುಕವನ್ನು ಸಂಸತ್ತು ಸೆಕ್ಷನ್ 79ರೊಳಗೇ ಸೇರಿಸಬೇಕು. ಜೊತೆಗೆ, ಹಾನಿಯ ದೂರು ಸಾಕ್ಷಿಸಮೇತ ಕೈಸೇರಿದ ಮೇಲೂ ಸುಮ್ಮನಿದ್ದ ದೊಡ್ಡ ಕಂಪನಿಗಳ ಹೊಣೆಯನ್ನು ಬೇರೆಯಾಗಿಯೇ ಬರೆಯಬೇಕು. ಕನ್ನಡದ ಗುಂಪುಗಳನ್ನು ನಡೆಸುವವರು ಅದಕ್ಕೆ ಕಾಯಬೇಕಿಲ್ಲ. ನಿಯಮಗಳನ್ನು ಕನ್ನಡದಲ್ಲೇ ಬರೆದು ಎಲ್ಲರಿಗೂ ಕಾಣುವಂತೆ ಹಾಕಿ. ಅಳಿಸಿದಾಗ ಯಾವ ನಿಯಮದಡಿ ಅಳಿಸಿದಿರೆಂದು ಬರೆದವರಿಗೆ ತಿಳಿಸಿ. ಅವರು ಒಪ್ಪದಿದ್ದರೆ, ಅಳಿಸಿದವರಲ್ಲದ ಇನ್ನೊಬ್ಬರು ಅವರ ಮಾತು ಕೇಳಲಿ.