ಪಿಂಗ್ ಪುಟದಿಂದ ತೆರೆದ ಬಾಗಿಲು

2002ರ ಡಿಸೆಂಬರ್‌ನಲ್ಲಿ ಅಮೆರಿಕದ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ರೌಟರನ್ನು ಮಾರುಕಟ್ಟೆಗೆ ಬಿಟ್ಟಿತು. ನೀಲಿ-ಕಪ್ಪು ಡಬ್ಬಿ, ಹಿಂದುಗಡೆ ಎರಡು ಆಂಟೆನಾ. ಇಂಟರ್ನೆಟ್ ಕೇಬಲ್ ಸಿಕ್ಕಿಸಿದರೆ ಮನೆಗೆಲ್ಲ ವೈಫೈ ಹಂಚುವುದು ಅದಕ್ಕೆ ವಹಿಸಿದ್ದ ಕೆಲಸ. ಒಂದು ಕಡೆಯ ವೈಫೈ ಹಿಡಿದು ಇನ್ನೊಂದು ಕೋಣೆಯ ಕಂಪ್ಯೂಟರಿಗೆ ಕೇಬಲ್ ಮೂಲಕ ಕೊಡಬೇಕಾದರೆ ‘ಬ್ರಿಡ್ಜ್’ (ಸೇತುವೆ) ಎಂಬ ಬೇರೆಯೇ ಸಾಧನವನ್ನು ಕೊಳ್ಳಬೇಕಿತ್ತು. ಲಿಂಕ್‌ಸಿಸ್ ಅದನ್ನೂ ಮಾರುತ್ತಿತ್ತು. ಆದರೆ ಬ್ರಿಡ್ಜ್‌ಗೆ ಬೇಕಾದ ರೇಡಿಯೊ ಈ ಡಬ್ಬಿಯೊಳಗೆ ಮೊದಲಿನಿಂದಲೂ ಇತ್ತು. ಅದನ್ನು ಹೊರಗೆಳೆದವರು ಕಂಪನಿಯವರಲ್ಲ, ಅದನ್ನು ಕೊಂಡ ಜನ.

ಮೊದಲ ಸುಳಿವು ಸಿಕ್ಕಿದ್ದು ರೌಟರಿನದೇ ಸೆಟ್ಟಿಂಗ್ ಪುಟಗಳಲ್ಲಿ. ಸಂಪರ್ಕ ಸರಿಯಿದೆಯೇ ಎಂದು ನೋಡಲು ಅಲ್ಲೊಂದು ಪಿಂಗ್ ಪುಟವಿತ್ತು. ಐಪಿ ವಿಳಾಸ ಬರೆಯಬೇಕಾದ ಖಾನೆಯಲ್ಲಿ ಏನು ಬರೆದರೂ ರೌಟರ್ ಅದನ್ನು ಪರೀಕ್ಷಿಸದೆ ಆಜ್ಞೆಗಳನ್ನು ನಡೆಸುವ ಒಳಗಿನ ಶೆಲ್‌ಗೆ ದಾಟಿಸಿಬಿಡುತ್ತಿತ್ತು. ವಿಳಾಸದ ಜಾಗದಲ್ಲಿ ಒಂದು ಲಿನಕ್ಸ್ ಆಜ್ಞೆ ಬರೆದರೆ ಅದು ಹಾಗೇ ನಡೆದುಬಿಡುತ್ತಿತ್ತು! ಇದೇ ಕಿಂಡಿಯಿಂದ ‘ಬೂಟ್ ವೇಟ್’ ಎಂಬ ಸೆಟ್ಟಿಂಗನ್ನು ಆನ್ ಮಾಡುವ ಉಪಾಯವೂ ಹೊಳೆಯಿತು. ಆಮೇಲೆ ರೌಟರ್ ಪ್ರತಿಸಲ ಶುರುವಾಗುವಾಗ ಕೆಲವು ಸೆಕೆಂಡು ಕಾದು, ಹೊಸ ಫರ್ಮ್‌ವೇರ್ (ರೌಟರನ್ನು ನಡೆಸುವ ತಂತ್ರಾಂಶ) ಬಂದರೆ ತೆಗೆದುಕೊಳ್ಳುತ್ತಿತ್ತು. ಪ್ರಯೋಗ ಕೆಟ್ಟರೂ ಡಬ್ಬಿ ಸಾಯುವುದಿಲ್ಲ ಎಂಬ ಭರವಸೆ ಇದರಿಂದ ಬಂತು. ಆ ಭರವಸೆ ಇಲ್ಲದಿದ್ದರೆ ಅಷ್ಟು ಜನ ಕೈಹಾಕುತ್ತಿರಲಿಲ್ಲ ಎಂದೇ ನನಗನಿಸುತ್ತದೆ.

ಒಳಗಿರುವುದು ಲಿನಕ್ಸ್ ಎಂದಮೇಲೆ ಪ್ರಶ್ನೆ ಕಾನೂನಿನತ್ತ ಹೊರಳಿತು. ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಪ್ರಕಾರ, ಅದನ್ನು ಸೇರಿಸಿ ಸಾಧನ ಮಾರುವವರು ಆ ಭಾಗಗಳ ಸೋರ್ಸ್ ಕೋಡನ್ನೂ ಕೊಡಬೇಕು. ಲಿಂಕ್‌ಸಿಸ್ ಕೊಟ್ಟಿರಲಿಲ್ಲ. 2003ರ ಜೂನ್ 7ರಂದು ಆಂಡ್ರ್ಯೂ ಮಿಕ್ಲಾಸ್ ಎಂಬವರು ಲಿನಕ್ಸ್ ಕರ್ನೆಲ್ ಅಭಿವೃದ್ಧಿಪಡಿಸುವವರ ಮುಂದೆ ಈ ವಿಷಯ ಇಟ್ಟರು. ನೆಟ್‌ವರ್ಕ್ ಸಾಧನಗಳ ಕಂಪನಿ ಸಿಸ್ಕೊ ಸುಮಾರು 50 ಕೋಟಿ ಡಾಲರಿಗೆ ಲಿಂಕ್‌ಸಿಸ್ಸನ್ನು ಕೊಳ್ಳುತ್ತಿದ್ದ ಹೊತ್ತು ಅದು. ರೌಟರಿನ ಚಿಪ್ ಬ್ರಾಡ್‌ಕಾಮ್ ಎಂಬ ಕಂಪನಿಯದು, ಫರ್ಮ್‌ವೇರ್ ಇನ್ನೂ ಕೆಲವು ಕೈ ದಾಟಿ ಬಂದದ್ದು. ಒತ್ತಡ ಹೆಚ್ಚಿದಾಗ ಅದೇ ವರ್ಷ ಸೋರ್ಸ್ ಕೋಡ್ ಹೊರಬಂತು. ಬ್ರಾಡ್‌ಕಾಮ್‌ನ ರೇಡಿಯೊ ಡ್ರೈವರ್ ಮಾತ್ರ ಮುಚ್ಚಿದ ಬೈನರಿಯಾಗಿಯೇ ಉಳಿಯಿತು.

ಆದರೂ ಆ ಡ್ರೈವರಿಗೆ ಆಜ್ಞೆ ಕೊಡುವ ದಾರಿ ಸಿಕ್ಕಿತ್ತು. ‘ಎಪಿ’ ಎಂಬ ಸೆಟ್ಟಿಂಗ್ 1 ಇದ್ದರೆ ರೌಟರ್ ವೈಫೈ ಹಂಚುತ್ತದೆ. 0 ಮಾಡಿದರೆ ಲ್ಯಾಪ್‌ಟಾಪಿನ ಹಾಗೆ ಇನ್ನೊಂದು ವೈಫೈಗೆ ಸೇರಿಕೊಳ್ಳುತ್ತದೆ. ಇಷ್ಟು ಚಿಕ್ಕ ಬದಲಾವಣೆಗೆ ಬೇರೆ ಸಾಧನದ ಬೆಲೆ ತೆರಬೇಕಿತ್ತು.

ಸೇರಿಕೊಂಡ ಮಾತ್ರಕ್ಕೆ ಸೇತುವೆಯಾಗುವುದಿಲ್ಲ, ನಿಜವಾದ ತೊಡಕು ಇಲ್ಲಿದೆ. ವೈಫೈ ಗ್ರಾಹಕ ಕಳಿಸುವ ಪ್ರತಿ ಫ್ರೇಮಿನಲ್ಲಿ (ದತ್ತಾಂಶದ ಪೊಟ್ಟಣದಲ್ಲಿ) ಮೂರು ಮ್ಯಾಕ್ ವಿಳಾಸ, ಅಂದರೆ ಸಾಧನಗಳ ವಿಳಾಸ: ರೇಡಿಯೊದಲ್ಲಿ ಪಡೆಯುವವನು, ಕಳಿಸುವವನು, ಕೊನೆಗೆ ತಲುಪಬೇಕಾದವನು. ಕಳಿಸಿದವನೇ ಮೂಲ ಒಡೆಯ ಎಂದು ಇಲ್ಲಿ ಲೆಕ್ಕ. ಆದರೆ ರೌಟರಿನ ಹಿಂದೆ ಕೇಬಲ್‌ನಲ್ಲಿ ಕೂತ ಕಂಪ್ಯೂಟರಿನ ವಿಳಾಸ ಬರೆಯಲು ಜಾಗವೆಲ್ಲಿ? ಅಂಚೆಯವನು ತನ್ನ ಹೆಸರನ್ನೇ ‘ಇಂದ’ ಎಂದು ಬರೆದರೆ ಉತ್ತರ ಅವನಿಗೇ ಬರುತ್ತದೆ, ಅಷ್ಟೇ. ವೈಫೈಗೆ ಆಧಾರವಾದ 1997ರ 802.11 ಮಾನಕದಲ್ಲೇ ನಾಲ್ಕನೆಯ ವಿಳಾಸಕ್ಕೂ ಜಾಗವಿತ್ತು. ರೌಟರುಗಳನ್ನು ವೈಫೈ ಮೂಲಕವೇ ಜೋಡಿಸುವ ಡಬ್ಲ್ಯುಡಿಎಸ್ ಎಂಬ ವಿಧಾನ ನಿಂತಿರುವುದು ಅದರ ಮೇಲೆ. ಆದರೆ ಎರಡು ಡಬ್ಬಿಗಳು ಅದನ್ನು ಹೇಗೆ ಒಪ್ಪಿಕೊಳ್ಳಬೇಕು ಎಂಬುದು ಸರಿಯಾಗಿ ನಿಗದಿಯಾಗಿರಲಿಲ್ಲ. ಹೀಗಾಗಿ ಒಂದು ಕಂಪನಿಯ ರೌಟರ್ ಇನ್ನೊಂದರ ಜೊತೆ ಹೊಂದಿಕೊಳ್ಳದೆ ಇರುವುದು ಮಾಮೂಲು. ಮುಖ್ಯ ರೌಟರಿಗೆ ಡಬ್ಲ್ಯುಡಿಎಸ್ ಬಾರದಿದ್ದರೆ ಇನ್ನೊಂದು ಜಾಣತನವಿದೆ. ಸೇತುವೆಯಾದ ರೌಟರ್ ತನ್ನದೇ ಮ್ಯಾಕ್ ವಿಳಾಸ ಹಾಕಿ ಕಳಿಸುತ್ತದೆ. ಯಾವ ಐಪಿ ಯಾವ ಕಂಪ್ಯೂಟರಿನದು ಎಂದು ನೆನಪಿಟ್ಟುಕೊಂಡು ಬಂದ ಉತ್ತರವನ್ನು ಹಂಚುತ್ತದೆ.

ಹೊರಬಂದ ಸೋರ್ಸ್ ಕೋಡಿನಿಂದ 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಫರ್ಮ್‌ವೇರ್ ಹುಟ್ಟಿತು. ಡಬ್ಬಿಯ ಮಾಡೆಲ್ ಹೆಸರೇ ಅದರ ಹೆಸರಿನೊಳಗೆ ಸೇರಿಕೊಂಡಿತು. 2005ರಲ್ಲಿ ಜರ್ಮನಿಯ ಸೆಬಾಸ್ಟಿಯನ್ ಗಾಟ್‌ಶಾಲ್ ಡಿಡಿ-ಡಬ್ಲ್ಯುಆರ್‌ಟಿ ಎಂಬ ಇನ್ನೊಂದನ್ನು ಶುರುಮಾಡಿದರು. ಅದರಲ್ಲಿ ‘ಕ್ಲೈಂಟ್ ಬ್ರಿಡ್ಜ್’, ‘ರಿಪೀಟರ್’ ಎಂಬ ಆಯ್ಕೆಗಳು ಆಜ್ಞೆಗಳ ಗೋಜಿಲ್ಲದೆ ಮೆನುವಿನಲ್ಲೇ ಸಿಕ್ಕವು. ಬರ್ಲಿನ್ನಿನ ಫ್ರೈಫಂಕ್ ಬಳಗದವರು ಇದೇ ಡಬ್ಬಿಗಳನ್ನು ಮಹಡಿಗಳ ಮೇಲೆ ಇಟ್ಟು ಬಡಾವಣೆಗಳ ನಡುವೆ ಸ್ವಂತ ಜಾಲ ಹೆಣೆದರು. ಮನೆಯ ಒಂದು ಕೋಣೆಯ ಕೊರತೆಗೆ ಹುಡುಕಿದ ಪರಿಹಾರ ಊರಿನ ಜಾಲಕ್ಕೂ ಒದಗಿತು. ಈ ಕತೆಯಲ್ಲಿ ನನಗೆ ತುಂಬ ಇಷ್ಟವಾಗುವ ಭಾಗ ಇದು.

2005ರಲ್ಲಿ ಲಿಂಕ್‌ಸಿಸ್ ಈ ರೌಟರಿನ ಐದನೇ ಆವೃತ್ತಿಯಲ್ಲಿ ಲಿನಕ್ಸ್ ಬಿಟ್ಟು ವಿಎಕ್ಸ್‌ವರ್ಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿತು, ಮೆಮೊರಿಯನ್ನು ಅರ್ಧಕ್ಕಿಳಿಸಿತು. ಜನ ಲಿನಕ್ಸ್ ಆವೃತ್ತಿಯನ್ನೇ ಕೇಳುತ್ತಿದ್ದರು. ಕಂಪನಿ ಅದನ್ನು ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಹೆಸರಿನಲ್ಲಿ ಮತ್ತೆ ತಂದಿತು. ಹತ್ತು ವರ್ಷ ಕಳೆದ ಮೇಲೂ ಅದು ಮಾರಾಟದಲ್ಲಿತ್ತು.

ಇವತ್ತು ಅಗ್ಗದ ಎಷ್ಟೋ ರೌಟರುಗಳಲ್ಲಿ ‘ರೇಂಜ್ ಎಕ್ಸ್‌ಟೆಂಡರ್’ ಮೋಡ್ ಹುಟ್ಟಿನಿಂದಲೇ ಇರುತ್ತದೆ. ಕಪಾಟಿನಲ್ಲಿ ಸುಮ್ಮನೆ ಕೂತಿರುವ ಹಳೆಯ ರೌಟರಿದ್ದರೆ ಅದರ ಸೆಟ್ಟಿಂಗ್ ಪುಟದಲ್ಲಿ ಈ ಆಯ್ಕೆ ಹುಡುಕಿ. ಒಂದೇ ರೇಡಿಯೊ ಪಡೆದದ್ದನ್ನೇ ಮತ್ತೆ ಕಳಿಸಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಎರಡು ಬ್ಯಾಂಡ್ ಇದ್ದರೆ ಮುಖ್ಯ ರೌಟರಿನ ಕಡೆಗೆ ಒಂದು, ಮನೆಯವರ ಕಡೆಗೆ ಇನ್ನೊಂದು ಎಂದು ಹಂಚಿಕೊಟ್ಟರೆ ಈ ನಷ್ಟ ತಪ್ಪುತ್ತದೆ. ಸಿಗ್ನಲ್ ಸತ್ತ ಮೂಲೆಯಲ್ಲಿ ಅದನ್ನು ಇಡಬೇಡಿ. ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿ ಇಡಿ. ಬ್ರಿಡ್ಜ್ ಮಾಡುವುದಾದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಐಪಿ ಹಂಚುವ ಕೆಲಸವನ್ನು ಮುಖ್ಯ ರೌಟರಿಗೇ ಬಿಡಿ.